ಇಟ್ಟ ವಸ್ತು ಸಿಗಬೇಕಾದರೆ: ಎಸ್. ಆರ್. ರಂಗನಾಥನ್ ಅವರ ಜೀವನ ಮತ್ತು ವಿಡಿಯೋ ಸಂಗ್ರಹದ ವ್ಯವಸ್ಥೆ

ಶಿಯಾಳಿ ರಾಮಾಮೃತ ರಂಗನಾಥನ್ ಅವರು ಭಾರತದ ಗ್ರಂಥಾಲಯ ವಿಜ್ಞಾನದ ಜನಕರೆಂದು ಪ್ರಸಿದ್ಧರು. ಅವರ ಜನ್ಮದಿನದ ನೆನಪಿಗಾಗಿ ಭಾರತದಲ್ಲಿ ಪ್ರತಿವರ್ಷ ಆಗಸ್ಟ್ 12ರಂದು ಗ್ರಂಥಪಾಲಕರ ದಿನವನ್ನು ಆಚರಿಸಲಾಗುತ್ತದೆ. ಅವರು ರೂಪಿಸಿದ ಐದು ಸೂತ್ರಗಳನ್ನು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಕಂಠಪಾಠ ಮಾಡುತ್ತಾರೆ. ಈ ಲೇಖನದಲ್ಲಿ ಅವರ ಜೀವನವನ್ನು ನಾನು ತುಸು ಬೇರೆಯಾದ ಬಾಗಿಲಿನಿಂದ ಪ್ರವೇಶಿಸಲು ಬಯಸುತ್ತೇನೆ. ನನ್ನ ವೃತ್ತಿ ಗ್ರಂಥಾಲಯಕ್ಕೆ ಸೇರಿದ್ದಲ್ಲ. ಕೆನಡಾದಲ್ಲಿ ನೆಲೆಸಿರುವ ನಾನು ವಿಡಿಯೋ ನಿರ್ಮಾಣ ಸಂಸ್ಥೆಗಳಿಗೆ ಅವರ ಚಿತ್ರಿತ ಸಾಮಗ್ರಿಯನ್ನು ಜೋಡಿಸಿಡುವ, ಕಾಪಾಡುವ ಮತ್ತು ಬೇಕೆಂದಾಗ ಹುಡುಕಿಕೊಡುವ ವ್ಯವಸ್ಥೆಗಳನ್ನು ಕಟ್ಟಿಕೊಡುತ್ತೇನೆ. ಈ ಕೆಲಸದ ಕಠಿಣ ಪ್ರಶ್ನೆಗಳಿಗೆ ಉತ್ತರ ಅರಸುತ್ತ ಹೋದಾಗ ನನಗೆ ಮತ್ತೆ ಮತ್ತೆ ಎದುರಾದವರು ಕಂಪ್ಯೂಟರ್ ವಿಜ್ಞಾನಿಗಳಿಗಿಂತ ಹೆಚ್ಚಾಗಿ, 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಈ ಗಣಿತದ ಅಧ್ಯಾಪಕರು.

ಕಾರಣ ಸರಳವಾಗಿದೆ. ಡಿಜಿಟಲ್ ವಿಡಿಯೋವನ್ನು ಶೇಖರಿಸಿಡುವುದು ದುಬಾರಿಯಾದರೂ ಬಹುಮಟ್ಟಿಗೆ ಬಗೆಹರಿದ ಸಮಸ್ಯೆ. ಶೇಖರಿಸಿಟ್ಟದ್ದನ್ನು ಹತ್ತು ವರ್ಷಗಳ ನಂತರ, ಅದನ್ನು ಇಟ್ಟವರ ಪರಿಚಯವೂ ಇಲ್ಲದ ಇನ್ನೊಬ್ಬರು, ಯಾರೂ ಮುಂಗಾಣದ ಇನ್ನೊಂದು ಉದ್ದೇಶಕ್ಕಾಗಿ ಹುಡುಕಿ ಪಡೆಯುವುದೇ ನಿಜವಾದ ಸಮಸ್ಯೆ. ರಂಗನಾಥನ್ ತಮ್ಮ ಬದುಕಿನ ಸುಮಾರು ಐವತ್ತು ವರ್ಷಗಳನ್ನು ಈ ಎರಡನೆಯ ಸಮಸ್ಯೆಗೆ ಮೀಸಲಿಟ್ಟರು. ಅವರ ಕಾಲದಲ್ಲಿ ಆ ವಸ್ತು ಪುಸ್ತಕವಾಗಿತ್ತು, ನಮ್ಮ ಕಾಲದಲ್ಲಿ ಅದು ಚಲಿಸುವ ಚಿತ್ರವಾಗಿದೆ.

ಗಣಿತದಿಂದ ಗ್ರಂಥಾಲಯಕ್ಕೆ

ರಂಗನಾಥನ್ ಜನಿಸಿದ್ದು 1892ರ ಆಗಸ್ಟ್ ತಿಂಗಳಿನಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಈಗ ಆ ಊರನ್ನು ಸೀರ್ಕಾಳಿ ಎಂದು ಕರೆಯುತ್ತಾರೆ. ಬಾಲ್ಯದಲ್ಲೇ ಅವರು ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲು ಇತ್ತು. ಅದನ್ನು ಪ್ರಯತ್ನಪೂರ್ವಕವಾಗಿ ಹತೋಟಿಗೆ ತಂದುಕೊಂಡು ಅವರು ಅಧ್ಯಾಪಕರಾದರು ಎಂಬುದು ಅವರ ಸ್ವಭಾವದ ಬಗ್ಗೆ ಸಾಕಷ್ಟು ಹೇಳುತ್ತದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ 1913ರಲ್ಲಿ ಬಿ.ಎ. ಪದವಿಯನ್ನೂ 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಗಣಿತದ ಪ್ರಾಧ್ಯಾಪಕ ಎಡ್ವರ್ಡ್ ರಾಸ್. ಶಿಕ್ಷಕ ತರಬೇತಿಯನ್ನು ಮುಗಿಸಿದ ಮೇಲೆ 1917ರಲ್ಲಿ ಅವರು ಸರ್ಕಾರಿ ಸೇವೆಗೆ ಸೇರಿದರು. ಆಗ ಅವರು ಪಾಠ ಹೇಳತೊಡಗಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ದಕ್ಷಿಣ ಕನ್ನಡ ಅಂದು ಮದ್ರಾಸ್ ಪ್ರಾಂತ್ಯದ ಭಾಗವಾಗಿತ್ತು. ಮುಂದೆ ಕೊಯಮತ್ತೂರಿನಲ್ಲಿಯೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಅವರು ಗಣಿತವನ್ನು ಬೋಧಿಸಿದರು.

ಮದ್ರಾಸ್ ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಮೊದಲ ಪೂರ್ಣಾವಧಿ ಗ್ರಂಥಪಾಲಕರನ್ನು ನೇಮಿಸಲು ನಿರ್ಧರಿಸಿದಾಗ ಸುಮಾರು 900 ಮಂದಿ ಅರ್ಜಿ ಸಲ್ಲಿಸಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಗ್ರಂಥಾಲಯದ ವಿಧಿವತ್ತಾದ ತರಬೇತಿ ಅವರಲ್ಲಿ ಯಾರಿಗೂ ಇರಲಿಲ್ಲ. ರಂಗನಾಥನ್ ಅವರಿಗೂ ಇರಲಿಲ್ಲ. ಆದರೂ ಅವರು ಆಯ್ಕೆಯಾಗಿ 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಮೊದಲ ದಿನಗಳಲ್ಲಿ ಅವರಿಗೆ ಆ ಕೆಲಸ ಸಹಿಸಲಾಗದಷ್ಟು ಬೇಸರ ತಂದಿತು. ತರಗತಿಯ ತುಂಬ ಹುಡುಗರನ್ನು ಕಂಡಿದ್ದವರಿಗೆ ಪುಸ್ತಕಗಳ ನಡುವಿನ ಏಕಾಂತ ಹಿಡಿಸಲಿಲ್ಲ. ತಮ್ಮನ್ನು ಮತ್ತೆ ಕಾಲೇಜಿಗೆ ಕಳುಹಿಸಬೇಕೆಂದು ಅವರು ಬೇಡಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಅಭ್ಯಾಸ ಮಾಡಿ ಬರಬೇಕು, ಆಮೇಲೂ ಮನಸ್ಸು ಬದಲಾಗದಿದ್ದರೆ ಅಧ್ಯಾಪನಕ್ಕೆ ಹಿಂದಿರುಗಬಹುದು ಎಂಬ ಒಪ್ಪಂದವಾಯಿತು. ಹೀಗೆ ಅರೆಮನಸ್ಸಿನಿಂದ ಅವರು ಲಂಡನ್ನಿಗೆ ಹೊರಟರು.

ಆಟಿಕೆಯ ಅಂಗಡಿಯಲ್ಲಿ ದೊರೆತ ವಿಚಾರ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ಶಿಕ್ಷಣದ ಶಾಲೆಯೊಂದಿತ್ತು. ಅಲ್ಲಿ ವರ್ಗೀಕರಣವನ್ನು ಕಲಿಸುತ್ತಿದ್ದವರು ಕ್ರಾಯ್ಡನ್ ಗ್ರಂಥಾಲಯದ ಮುಖ್ಯಸ್ಥ ಬರ್ವಿಕ್ ಸೇಯರ್ಸ್. ಅವರ ಮಾರ್ಗದರ್ಶನದಲ್ಲಿ ರಂಗನಾಥನ್ ಇಂಗ್ಲೆಂಡಿನ ಅನೇಕ ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಜನಸಾಮಾನ್ಯರ ಬದುಕಿನಲ್ಲಿ ಗ್ರಂಥಾಲಯ ಎಂಥ ಪಾತ್ರ ವಹಿಸಬಹುದೆಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು. ಬೇಸರ ಮಾಯವಾಯಿತು. ಗಣಿತಜ್ಞನ ಕಣ್ಣು ಮಾತ್ರ ಹಾಗೆಯೇ ಉಳಿಯಿತು. ಆ ಕಣ್ಣಿಗೆ ಅಂದಿನ ವರ್ಗೀಕರಣ ಪದ್ಧತಿಗಳ ದೋಷ ಕಾಣಿಸಿತು.

ಆಗ ಬಳಕೆಯಲ್ಲಿದ್ದ ಮುಖ್ಯ ಪದ್ಧತಿ ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣ. ಅದು ಜ್ಞಾನವನ್ನು ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ ಹತ್ತಾಗಿ ಒಡೆಯುತ್ತ ಹೋಗುತ್ತದೆ. ಮರದ ಕೊಂಬೆಗಳಂತೆ ಎಲ್ಲ ವಿಷಯಗಳನ್ನೂ ಮೊದಲೇ ಎಣಿಸಿ, ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡುವುದು ಅದರ ಕ್ರಮ. ಹೊಸ ವಿಷಯವೊಂದು ಹುಟ್ಟಿದರೆ, ಅಥವಾ ಎರಡು ಕೊಂಬೆಗಳಿಗೆ ಸೇರಬಹುದಾದ ಪುಸ್ತಕವೊಂದು ಬಂದರೆ, ಈ ಕ್ರಮ ತೊಡಕಿಗೆ ಸಿಲುಕುತ್ತದೆ. ಪಟ್ಟಿ ಮಾಡಿದವರು ಊಹಿಸದಿದ್ದ ವಿಷಯಕ್ಕೆ ಅಲ್ಲಿ ಸಹಜವಾದ ಸ್ಥಾನವಿಲ್ಲ.

ಪರಿಹಾರದ ಸುಳಿವು ಅವರಿಗೆ ದೊರೆತದ್ದು ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ. ಅಲ್ಲಿ ಮೆಕ್ಯಾನೊ ಎಂಬ ಆಟಿಕೆಯ ಪ್ರದರ್ಶನ ನಡೆದಿತ್ತು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ತಿರುಪುಗಳು, ನಟ್ಟುಗಳು ಒಂದು ಪೆಟ್ಟಿಗೆಯಲ್ಲಿರುತ್ತವೆ. ಅವೇ ಕೆಲವು ತುಂಡುಗಳಿಂದ ಒಮ್ಮೆ ಸೇತುವೆಯನ್ನೂ ಇನ್ನೊಮ್ಮೆ ಬಂಡಿಯನ್ನೂ ಮತ್ತೊಮ್ಮೆ ಕ್ರೇನನ್ನೂ ಕಟ್ಟಬಹುದು. ವರ್ಗೀಕರಣವೂ ಹೀಗೆಯೇ ಏಕಾಗಬಾರದು ಎಂದು ರಂಗನಾಥನ್ ಯೋಚಿಸಿದರು. ಸಿದ್ಧ ವಿಷಯಗಳ ದೊಡ್ಡ ಪಟ್ಟಿಯ ಬದಲು, ವಿಷಯಗಳನ್ನು ಕಟ್ಟಲು ಬೇಕಾಗುವ ಮೂಲ ಘಟಕಗಳ ಚಿಕ್ಕ ಪಟ್ಟಿಗಳಿದ್ದರೆ ಸಾಕು. ಪುಸ್ತಕ ಕೈಗೆ ಬಂದಾಗ ಅದರ ವಿಷಯವನ್ನು ಘಟಕಗಳಾಗಿ ಬಿಡಿಸಿ, ಆ ಘಟಕಗಳ ಚಿಹ್ನೆಗಳನ್ನು ಸೇರಿಸಿದರೆ ಅದರ ಸಂಖ್ಯೆ ಸಿದ್ಧವಾಗುತ್ತದೆ. ತಿರುಪಿನ ಕೆಲಸವನ್ನು ಮಾಡಲು ಅವರು ಆರಿಸಿಕೊಂಡ ಚಿಹ್ನೆ ಕೋಲನ್, ಅಂದರೆ ಒಂದರ ಮೇಲೊಂದಿರುವ ಎರಡು ಚುಕ್ಕಿಗಳು. ಪದ್ಧತಿಗೆ ಕೋಲನ್ ವರ್ಗೀಕರಣವೆಂಬ ಹೆಸರು ಬಂದದ್ದು ಹೀಗೆ. 1925ರಲ್ಲಿ ತಾಯ್ನಾಡಿಗೆ ಮರಳುವಾಗ ಹಡಗಿನ ಗ್ರಂಥಾಲಯದ ಪುಸ್ತಕಗಳ ಮೇಲೆಯೇ ಅವರು ಅದನ್ನು ಪ್ರಯೋಗಿಸಿ ನೋಡಿದರು.

ಈ ಪದ್ಧತಿಯ ಪಠ್ಯಗಳಲ್ಲಿ ಬರುವ ಪ್ರಸಿದ್ಧ ಉದಾಹರಣೆಯೊಂದನ್ನು ನೋಡೋಣ. ಶ್ವಾಸಕೋಶದ ಕ್ಷಯರೋಗವನ್ನು ಕ್ಷಕಿರಣದಿಂದ ಗುಣಪಡಿಸುವ ಬಗ್ಗೆ 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆಯನ್ನು ಕುರಿತ ಪುಸ್ತಕ ಬಂದಿದೆ ಎಂದುಕೊಳ್ಳೋಣ. ವೈದ್ಯಶಾಸ್ತ್ರ, ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಕ್ಷಕಿರಣ, ಸಂಶೋಧನೆ, ಭಾರತ, 1950 ಎಂಬ ಎಂಟು ತುಂಡುಗಳಾಗಿ ಅದು ಬಿಡುತ್ತದೆ. ಪ್ರತಿ ತುಂಡಿಗೂ ಅದರದೇ ಪಟ್ಟಿಯಲ್ಲಿ ಚಿಹ್ನೆಯಿದೆ. ಅವುಗಳನ್ನು ನಿಗದಿತ ಕ್ರಮದಲ್ಲಿ ಜೋಡಿಸಿದಾಗ, ಹಿಂದೆಂದೂ ಯಾರೂ ಪಟ್ಟಿ ಮಾಡದಿದ್ದ ವಿಷಯಕ್ಕೆ ಅದರದೇ ಆದ ಸ್ಥಾನ ದೊರೆಯುತ್ತದೆ. ವಿಷಯದ ಈ ಒಂದೊಂದು ಮಗ್ಗುಲನ್ನೂ ಮುಖ ಎನ್ನಬಹುದು. ಬಹುಮುಖಿ ವರ್ಗೀಕರಣದ ತಿರುಳು ಇಷ್ಟೇ.

ಫೋಲ್ಡರ್ ಎಂಬ ಹಳೆಯ ಕೊಂಬೆ

ಈಗ ವಿಡಿಯೋ ನಿರ್ಮಾಣದ ಕೋಣೆಗೆ ಬರೋಣ. ಹೊಸದಾಗಿ ಕೆಲಸ ಆರಂಭಿಸುವ ಯಾವ ನಿರ್ಮಾಣ ತಂಡವೂ ತನ್ನ ಸಾಮಗ್ರಿಯನ್ನು ಫೋಲ್ಡರುಗಳಲ್ಲಿ ಇಡುತ್ತದೆ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಯೋಜನೆಗೊಂದು, ಅದರೊಳಗೆ ಚಿತ್ರೀಕರಣದ ದಿನಕ್ಕೊಂದು, ಅದರೊಳಗೆ ಕ್ಯಾಮೆರಾಕ್ಕೊಂದು. ಚಿತ್ರೀಕರಿಸಿದ ದಿನ ಇದಕ್ಕಿಂತ ಅನುಕೂಲವಾದ ಕ್ರಮವಿಲ್ಲ. ಆದರೆ ಇದು ಡ್ಯೂಯಿಯ ಕೊಂಬೆಗಳ ಕ್ರಮವೇ ಆಗಿದೆ. ಐದು ವರ್ಷಗಳ ನಂತರ ಸಂಕಲನಕಾರರು ಬಂದು, ಮಳೆಯಲ್ಲಿ ಬಸ್ಸಿಗಾಗಿ ಕಾಯುವ ಜನರ ದೃಶ್ಯಗಳು ನಮ್ಮಲ್ಲಿ ಎಷ್ಟಿವೆ ಎಂದು ಕೇಳಿದರೆ, ವರ್ಷ ಮತ್ತು ಕ್ಯಾಮೆರಾಗಳ ಕೊಂಬೆಗಳು ಉತ್ತರಿಸಲಾರವು. ಅಂಥ ದೃಶ್ಯಗಳು ಹತ್ತಾರು ಯೋಜನೆಗಳಲ್ಲಿ ಚದುರಿಹೋಗಿವೆ. ಅವು ಡಿಸ್ಕಿನಲ್ಲಿ ಸುರಕ್ಷಿತವಾಗಿವೆ, ಪ್ರತಿ ತಿಂಗಳು ಅವುಗಳಿಗಾಗಿ ಹಣವೂ ವ್ಯಯವಾಗುತ್ತಿದೆ, ಆದರೆ ಬೇಕಾದವರ ಪಾಲಿಗೆ ಅವು ಇಲ್ಲ. ಕೊನೆಗೆ ಅದೇ ದೃಶ್ಯವನ್ನು ಮತ್ತೆ ಚಿತ್ರೀಕರಿಸುವುದನ್ನು ನಾನು ಹಲವು ಕಡೆ ಕಂಡಿದ್ದೇನೆ.

ಶೇಖರಣೆಯ ಗಾತ್ರವನ್ನೂ ಇಲ್ಲಿ ನೆನೆಯಬೇಕು. ಪೂರ್ಣ ಹೈ ಡೆಫಿನಿಷನ್ ಚಿತ್ರವನ್ನು, ಅಂದರೆ 1920 ಅಡ್ಡ ಮತ್ತು 1080 ಉದ್ದದ ಬಿಂದುಗಳನ್ನು, ಪ್ರಸಾರ ಸಂಸ್ಥೆಗಳು ಬಳಸುವ 10 ಬಿಟ್ ಗುಣಮಟ್ಟದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಂತೆ ಸಂಕ್ಷೇಪಿಸದೆ ಇಟ್ಟರೆ, ಒಂದು ಗಂಟೆಯ ಚಿತ್ರಕ್ಕೆ ಸುಮಾರು 466 ಗಿಗಾಬೈಟ್ ಬೇಕು. ಶಬ್ದ ಇದರಲ್ಲಿ ಸೇರಿಲ್ಲ. ಆದ್ದರಿಂದ ನಿರ್ಮಾಣ ಸಂಸ್ಥೆಗಳು ಸಾಮಗ್ರಿಯನ್ನು ಹಂತಗಳಲ್ಲಿ ಇಡುತ್ತವೆ. ಸಂಕಲನ ನಡೆಯುತ್ತಿರುವುದು ವೇಗದ ಡಿಸ್ಕಿನಲ್ಲಿ, ಇತ್ತೀಚೆಗೆ ಮುಗಿದದ್ದು ನಿಧಾನವಾದ ಅಗ್ಗದ ಡಿಸ್ಕಿನಲ್ಲಿ, ಹಳೆಯದು ಕಾಂತೀಯ ಟೇಪಿನಲ್ಲಿ. 2021ರಲ್ಲಿ ಮಾರುಕಟ್ಟೆಗೆ ಬಂದ ಎಲ್‌ಟಿಓ ಒಂಬತ್ತನೆಯ ತಲೆಮಾರಿನ ಒಂದು ಟೇಪಿನಲ್ಲಿ 18 ಟೆರಾಬೈಟ್ ಹಿಡಿಯುತ್ತದೆ. ಮೇಲಿನ ಲೆಕ್ಕದಲ್ಲಿ ಅದು ಸುಮಾರು 38 ಗಂಟೆಗಳ ಚಿತ್ರ. ಟೇಪಿನ ಮೇಲಿರುವುದನ್ನು ಮರಳಿ ತರಲು ಸಮಯ ಹಿಡಿಯುತ್ತದೆ. ಆದ್ದರಿಂದ ಟೇಪನ್ನು ಮುಟ್ಟುವ ಮೊದಲೇ ಅದರಲ್ಲಿ ಏನಿದೆ ಎಂದು ತಿಳಿದಿರಬೇಕು. ಹೀಗಾಗಿ ಪ್ರತಿ ದೃಶ್ಯದ ಹಗುರ ಪ್ರತಿಯೊಂದನ್ನು, ಪ್ರಾಕ್ಸಿ ಎನ್ನುತ್ತಾರೆ, ಡಿಸ್ಕಿನಲ್ಲಿ ಇಟ್ಟುಕೊಂಡಿರುತ್ತಾರೆ. ಪ್ರಾಕ್ಸಿಯ ಜೊತೆಗೆ ವಿವರಗಳ ದಾಖಲೆಯಿರುತ್ತದೆ. ಗ್ರಂಥಾಲಯದ ಭಾಷೆಯಲ್ಲಿ ಹೇಳುವುದಾದರೆ, ನೆಲಮಾಳಿಗೆಯಲ್ಲಿ ಪುಸ್ತಕ, ಮೇಲಿನ ಕೋಣೆಯಲ್ಲಿ ಸೂಚಿಪತ್ರ.

ಐದು ಸೂತ್ರಗಳು

ಲಂಡನ್ನಿನಿಂದ ಮರಳಿದ ಮೇಲೆ ರಂಗನಾಥನ್ ಕಾಲೇಜಿಗೆ ಹಿಂದಿರುಗುವ ಮಾತನ್ನು ಎತ್ತಲೇ ಇಲ್ಲ. ಸುಮಾರು 20 ವರ್ಷಗಳ ಕಾಲ ಅವರು ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಕಟ್ಟಿದರು. ಆ ಅವಧಿಯಲ್ಲಿ ಅವರು ರಜೆಯನ್ನೇ ತೆಗೆದುಕೊಳ್ಳಲಿಲ್ಲವೆಂದೂ ಮದುವೆಯ ದಿನವೂ ಕೆಲಸಕ್ಕೆ ಬಂದಿದ್ದರೆಂದೂ ಹೇಳುತ್ತಾರೆ. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. ಮರುವರ್ಷ ತರಬೇತಿ ಶಾಲೆ ಆರಂಭವಾಯಿತು. 1931ರಲ್ಲಿ ಐದು ಸೂತ್ರಗಳ ಗ್ರಂಥ, 1933ರಲ್ಲಿ ಕೋಲನ್ ವರ್ಗೀಕರಣದ ಮೊದಲ ಆವೃತ್ತಿ, 1934ರಲ್ಲಿ ಸೂಚೀಕರಣದ ಸಂಹಿತೆ, 1937ರಲ್ಲಿ ವರ್ಗೀಕರಣ ಸಿದ್ಧಾಂತದ ಗ್ರಂಥ ಹೊರಬಂದವು. ಕಪಾಟಿಗೆ ಬೀಗ ಹಾಕುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಅವರು ಓದುಗರನ್ನು ಕಪಾಟುಗಳ ನಡುವೆಯೇ ಬಿಟ್ಟರು.

ಐದು ಸೂತ್ರಗಳ ಅಭಿಪ್ರಾಯವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸಂಗ್ರಹದ ಸಾರ್ಥಕತೆ ಬಳಕೆಯಲ್ಲಿದೆ, ಕಾಪಾಡುವಿಕೆ ಅದಕ್ಕೆ ಸಾಧನ ಎಂಬುದು ಮೊದಲನೆಯದು. ಓದುಗನು ಯಾರೇ ಆಗಿರಲಿ, ಅವನಿಗೆ ತಕ್ಕ ಪುಸ್ತಕವನ್ನು ಒದಗಿಸುವುದು ಗ್ರಂಥಾಲಯದ ಹೊಣೆ ಎಂಬುದು ಎರಡನೆಯದು. ಮೂರನೆಯದು ಅದನ್ನೇ ಪುಸ್ತಕದ ಕಡೆಯಿಂದ ನೋಡುತ್ತದೆ. ಮೂಲೆಯಲ್ಲಿ ಕುಳಿತ ಪುಸ್ತಕಕ್ಕೂ ತನ್ನ ಓದುಗನನ್ನು ಸೇರುವ ಹಕ್ಕಿದೆ. ನಾಲ್ಕನೆಯದು ಓದುಗನ ಸಮಯದ ಬೆಲೆಯನ್ನು ನೆನಪಿಸುತ್ತದೆ. ಐದನೆಯದು, ಗ್ರಂಥಾಲಯವು ಜೀವಿಯಂತೆ ಬೆಳೆಯುತ್ತದೆ, ಆದ್ದರಿಂದ ಇಂದಿನ ಅಳತೆಗೆ ಅದನ್ನು ಕಟ್ಟಬಾರದು ಎನ್ನುತ್ತದೆ.

ನನ್ನ ಕೆಲಸದಲ್ಲಿ ಈ ಐದಕ್ಕೂ ನೇರವಾದ ಅರ್ಥವಿದೆ. ಶೇಖರಣೆಗೆ ಹಣ ಕೊಟ್ಟು ವಿವರಣೆಗೆ ಹಣ ಕೊಡದ ಸಂಸ್ಥೆ ಮೊದಲನೆಯ ಸೂತ್ರವನ್ನು ಮುರಿಯುತ್ತದೆ. ಹಂತಗಳ ಶೇಖರಣೆ ಮತ್ತು ಪ್ರಾಕ್ಸಿ ನಾಲ್ಕನೆಯದರ ಪಾಲನೆ. ಐದನೆಯದು ಎಲ್ಲಕ್ಕಿಂತ ಕಟ್ಟುನಿಟ್ಟಿನದು. ಎಲ್‌ಟಿಓ ಒಂಬತ್ತನೆಯ ತಲೆಮಾರಿನ ಯಂತ್ರವು ತನ್ನ ತಲೆಮಾರಿನ ಮತ್ತು ಅದರ ಹಿಂದಿನ ಒಂದು ತಲೆಮಾರಿನ ಟೇಪನ್ನು ಮಾತ್ರ ಓದಬಲ್ಲದು. ಅಂದರೆ ಸಂಗ್ರಹವನ್ನು ಒಮ್ಮೆ ಬರೆದು ಬೀರುವಿನಲ್ಲಿಟ್ಟು ಮರೆಯುವಂತಿಲ್ಲ. ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸ ಟೇಪಿಗೆ ಸಾಗಿಸುತ್ತಲೇ ಇರಬೇಕು. ಮೂರನೆಯ ಸೂತ್ರ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹುಡುಕುವವರ ಪರವಾಗಿ ಮಾತಾಡಲು ಜನರಿದ್ದಾರೆ. ಯಾರೂ ಕೇಳದೆ ಉಳಿದ ದೃಶ್ಯದ ಪರವಾಗಿ ಮಾತಾಡುವುದು ವಿವರಣೆ ಬರೆಯುವವನೊಬ್ಬನೇ.

ಐದು ಮೂಲ ವರ್ಗಗಳು

ಮದ್ರಾಸಿನಲ್ಲಿ ಹೊಸ ಆಡಳಿತದೊಂದಿಗೆ ಹೊಂದಾಣಿಕೆಯಾಗದೆ ರಂಗನಾಥನ್ ಅಲ್ಲಿಂದ ನಿವೃತ್ತರಾದರು. 1945ರಿಂದ 1947ರವರೆಗೆ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿದ್ದು, ಅಲ್ಲಿನ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ಕುಳಿತು ವರ್ಗೀಕರಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು. ಮುಂದೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. 1955ರಿಂದ 1957ರವರೆಗೆ ಜೂರಿಕ್‌ನಲ್ಲಿದ್ದರು. ಅನಂತರ ಬೆಂಗಳೂರಿಗೆ ಬಂದು ನೆಲೆಸಿದರು.

ಈ ನಡುವಿನ ವರ್ಷಗಳಲ್ಲಿ ಅವರ ಸಿದ್ಧಾಂತ ಇನ್ನಷ್ಟು ಆಳವಾಯಿತು. ಯಾವ ವಿಷಯವನ್ನು ಬಿಡಿಸಿದರೂ ಅದರ ಮುಖಗಳು ಕೊನೆಗೆ ಐದೇ ಮೂಲ ವರ್ಗಗಳಿಗೆ ಬಂದು ನಿಲ್ಲುತ್ತವೆ ಎಂದು ಅವರು ಪ್ರತಿಪಾದಿಸಿದರು. ಅವುಗಳನ್ನು ಕನ್ನಡದಲ್ಲಿ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎನ್ನಬಹುದು. ವ್ಯಕ್ತಿತ್ವವೆಂದರೆ ವಿಷಯದ ಕೇಂದ್ರದಲ್ಲಿರುವುದು. ದ್ರವ್ಯವೆಂದರೆ ಅದು ಯಾವುದರಿಂದ ಆಗಿದೆ, ಯಾವ ಗುಣವುಳ್ಳದ್ದು ಎಂಬುದು. ಶಕ್ತಿಯೆಂದರೆ ಕ್ರಿಯೆ. ದೇಶ ಕಾಲಗಳನ್ನು ವಿವರಿಸಬೇಕಾಗಿಲ್ಲ. ವಿಚಾರದ ನೆಲೆ, ಪದದ ನೆಲೆ, ಚಿಹ್ನೆಯ ನೆಲೆ ಎಂದು ವರ್ಗೀಕರಣದ ಕೆಲಸವನ್ನು ಅವರು ಮೂರಾಗಿ ವಿಂಗಡಿಸಿದರು. ವಿಚಾರದ ನೆಲೆಯಲ್ಲಿ ತೀರ್ಮಾನವಾದದ್ದನ್ನು ಉಳಿದೆರಡು ನೆಲೆಗಳು ಪಾಲಿಸಬೇಕು.

ಈ ವಿಂಗಡಣೆಯ ಉಪಯೋಗ ಕನ್ನಡಿಗರಿಗೆ ಚೆನ್ನಾಗಿ ತಿಳಿಯುತ್ತದೆ. ಯಕ್ಷಗಾನದ ಒಂದು ರಾತ್ರಿಯ ವಿಡಿಯೋ ನಮ್ಮ ಬಳಿ ಇದೆಯೆಂದುಕೊಳ್ಳೋಣ. ಅದಕ್ಕೆ ಪ್ರಸಂಗದ ಹೆಸರಿದೆ, ತೆಂಕು ಅಥವಾ ಬಡಗು ತಿಟ್ಟಿದೆ, ಮೇಳವಿದೆ, ಭಾಗವತರಿದ್ದಾರೆ, ವೇಷಧಾರಿಗಳಿದ್ದಾರೆ, ಆಟ ನಡೆದ ಊರು ಮತ್ತು ದಿನವಿದೆ. ಇವುಗಳಲ್ಲಿ ಯಾವುದನ್ನು ಫೋಲ್ಡರಿನ ಹೆಸರಾಗಿಸಿದರೂ ಉಳಿದವು ಅಡಗಿಹೋಗುತ್ತವೆ. ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ನಾಲ್ಕು ಜನ ನಾಲ್ಕು ಬಗೆಯಾಗಿ ಬರೆಯುತ್ತಾರೆ. ಇದು ಪದದ ನೆಲೆಯ ತೊಡಕು. ವ್ಯಕ್ತಿ ಒಬ್ಬರೇ ಎಂಬುದು ವಿಚಾರದ ನೆಲೆಯ ತಿಳಿವಳಿಕೆ. ಒಳ್ಳೆಯ ವ್ಯವಸ್ಥೆಯಲ್ಲಿ ಆ ವ್ಯಕ್ತಿಗೆ ಒಂದೇ ದಾಖಲೆಯಿರುತ್ತದೆ, ಬರವಣಿಗೆಯ ಎಲ್ಲ ರೂಪಗಳೂ ಅಲ್ಲಿಗೇ ಕರೆದೊಯ್ಯುತ್ತವೆ.

ಕಪಾಟಿನ ಪುಸ್ತಕಕ್ಕೂ ಡಿಸ್ಕಿನ ದೃಶ್ಯಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಪುಸ್ತಕ ಒಂದೇ ಜಾಗದಲ್ಲಿ ನಿಲ್ಲಬೇಕು. ಹಾಗಾಗಿ ಯಾವ ಮುಖ ಮೊದಲು ಬರಬೇಕೆಂದು ರಂಗನಾಥನ್ ನಿಯಮಗಳನ್ನು ಮಾಡಬೇಕಾಯಿತು. ಹಿಂದೆ ಉಳಿದ ಮುಖಗಳ ಮೂಲಕ ಬರುವ ಓದುಗರಿಗಾಗಿ ಸರಪಳಿ ಸೂಚಿ ಎಂಬ ವಿಧಾನವನ್ನು ರೂಪಿಸಿದರು. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿ ಅದನ್ನು ಅಳವಡಿಸಿಕೊಂಡಿತು. ಡಿಸ್ಕಿನಲ್ಲಿ ಜಾಗದ ಈ ನಿರ್ಬಂಧವಿಲ್ಲ. ಪ್ರತಿ ಮುಖವೂ ಬೇರೆ ಅಂಕಣವಾಗಿರಬಹುದು, ಹುಡುಕುವವರು ಯಾವ ಅಂಕಣದಿಂದಲಾದರೂ ಒಳಬರಬಹುದು. ಅಂಗಡಿಗಳ ಜಾಲತಾಣಗಳಲ್ಲಿ ಬಣ್ಣ, ಅಳತೆ, ಬೆಲೆಗಳನ್ನು ಒಂದೊಂದಾಗಿ ಗುರುತಿಸುತ್ತ ನಾವು ಪಟ್ಟಿಯನ್ನು ಕಿರಿದಾಗಿಸುವುದು ಬಹುಮುಖಿ ಹುಡುಕಾಟವೇ.

ವಿಡಿಯೋ ಉದ್ಯಮವೂ ತನ್ನ ದಾರಿಯಲ್ಲಿ ಇಂಥದೇ ವಿಂಗಡಣೆಗೆ ಬಂದಿತು. ಯುರೋಪಿನ ಪ್ರಸಾರಕರ ಒಕ್ಕೂಟ ಮತ್ತು ಅಮೆರಿಕದ ಚಲನಚಿತ್ರ ಹಾಗೂ ದೂರದರ್ಶನ ಎಂಜಿನಿಯರುಗಳ ಸಂಘ ಸೇರಿ ರಚಿಸಿದ್ದ ಕಾರ್ಯಪಡೆಯು 1998ರ ವರದಿಯಲ್ಲಿ, ಚಿತ್ರ ಮತ್ತು ಶಬ್ದಗಳನ್ನು ಎಸೆನ್ಸ್ ಎಂದೂ ಅವುಗಳ ವಿವರಣೆಯನ್ನು ಮೆಟಾಡೇಟಾ ಎಂದೂ ಬೇರ್ಪಡಿಸಿತು. ಎರಡೂ ಸೇರಿದಾಗ ಮಾತ್ರ ಅದು ಕಂಟೆಂಟ್. ಅದರ ಮೇಲಿನ ಹಕ್ಕೂ ಕೈಯಲ್ಲಿದ್ದರೆ ಅದು ಆಸ್ತಿ. ಪ್ರತಿ ಸಾಮಗ್ರಿಗೂ ಜಗತ್ತಿನಲ್ಲಿ ಇನ್ನೊಂದಕ್ಕಿಲ್ಲದ ಗುರುತನ್ನು ಕೊಡಲು ಅದೇ ಸಂಘದ ಮಾನಕವೊಂದಿದೆ. ಯುಎಂಐಡಿ ಎಂಬ ಆ ಗುರುತಿನ ಮೂಲ ರೂಪ 32 ಬೈಟುಗಳದು. ವಿಸ್ತೃತ ರೂಪದಲ್ಲಿ ಇನ್ನೂ 32 ಬೈಟುಗಳು ಸೇರಿ, ಚಿತ್ರೀಕರಣದ ಸಮಯ, ಸ್ಥಳ ಮತ್ತು ಅದನ್ನು ಮಾಡಿದವರ ಗುರುತನ್ನು ಹೇಳುತ್ತವೆ. ದೇಶ, ಕಾಲ, ವ್ಯಕ್ತಿ. ಇದು ರಂಗನಾಥನ್ ಅವರಿಂದ ಬಂದದ್ದೆಂದು ನಾನು ಹೇಳುತ್ತಿಲ್ಲ. ಒಂದೇ ಕಷ್ಟವನ್ನು ಪ್ರಾಮಾಣಿಕವಾಗಿ ಎದುರಿಸಿದವರು ಒಂದೇ ಬಗೆಯ ಉತ್ತರದ ಹತ್ತಿರ ಬರುತ್ತಾರೆ ಎಂದಷ್ಟೇ ನನ್ನ ಅಭಿಪ್ರಾಯ.

ಬೆಂಗಳೂರಿನ ವರ್ಷಗಳು

1957ರಲ್ಲಿ ರಂಗನಾಥನ್ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಅದೇ ಸುಮಾರಿಗೆ ಅವರು ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಗಳನ್ನು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರಿನೊಂದಿಗೆ ಗ್ರಂಥಾಲಯ ವಿಜ್ಞಾನದ ಪೀಠ ಸ್ಥಾಪನೆಯಾಗುವಂತೆ ಮಾಡಿದರು. ಮುಂದೆ ಬೆಂಗಳೂರಿನಲ್ಲಿ ಶಾರದಾ ರಂಗನಾಥನ್ ದತ್ತಿಯನ್ನೂ ಸ್ಥಾಪಿಸಿದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ, ಪಿ. ಸಿ. ಮಹಾಲನೋಬಿಸ್ ಅವರ ಬೆಂಬಲದಿಂದ, 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಎಪ್ಪತ್ತು ತುಂಬಲಿದ್ದ ರಂಗನಾಥನ್ ಅದರ ನೇತೃತ್ವ ವಹಿಸಿದರು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳಿಗೆ ಆಧಾರವಾದ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಹಿಂದೆಯೂ ಅವರ ಚಿಂತನೆಯಿದೆ. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ದಿನಪತ್ರಿಕೆ ಓದಿದ ನಗರ ಕೇಂದ್ರ ಗ್ರಂಥಾಲಯಗಳು ಆ ಕಾನೂನಿನ ಫಲ.

ಬೆಂಗಳೂರಿನ ಆ ಕೇಂದ್ರದ ಕೆಲಸ ನನ್ನ ವೃತ್ತಿಗೆ ಬಹಳ ಹತ್ತಿರವಾದದ್ದು. ಇಡೀ ಪುಸ್ತಕವನ್ನು ವರ್ಗೀಕರಿಸಿದರೆ ಸಾಲದು, ಪತ್ರಿಕೆಯ ಒಂದು ಲೇಖನ, ವರದಿಯ ಒಂದು ಭಾಗ ಕೂಡ ತಾನಾಗಿ ಸಿಗಬೇಕು ಎಂಬುದು ಅಲ್ಲಿನ ಗುರಿಯಾಗಿತ್ತು. ಎಂಜಿನಿಯರಿಗೆ ಬೇಕಾದ ನಾಲ್ಕು ಪುಟಗಳು ಯಾವುದೋ ಸಂಪುಟದ ಹೊಟ್ಟೆಯಲ್ಲಿರುತ್ತವೆ. ಇದನ್ನು ಆಳ ವರ್ಗೀಕರಣವೆಂದು ಕರೆದರು. ವಿಡಿಯೋದಲ್ಲಿ ಇದಕ್ಕೆ ಸಮನಾದದ್ದು ಶಾಟ್ ಮಟ್ಟದ ವಿವರಣೆ. ಒಂದು ಗಂಟೆಯ ಸಾಕ್ಷ್ಯಚಿತ್ರಕ್ಕೆ ಒಂದು ಶೀರ್ಷಿಕೆ ಕೊಟ್ಟು ಸುಮ್ಮನಾದರೆ ಅದರೊಳಗಿನ ನೂರಾರು ಶಾಟುಗಳು ಮೂಕವಾಗುತ್ತವೆ. ಆದ್ದರಿಂದ ಟೈಮ್‌ಕೋಡ್ ಆಧರಿಸಿ, ಇಂಥ ನಿಮಿಷದಿಂದ ಇಂಥ ನಿಮಿಷದವರೆಗೆ ಯಾರಿದ್ದಾರೆ, ಏನು ನಡೆಯುತ್ತಿದೆ, ಎಲ್ಲಿ ಎಂದು ದಾಖಲಿಸಬೇಕು. ಈಗ ಯಂತ್ರಗಳು ಮಾತನ್ನು ಅಕ್ಷರಕ್ಕಿಳಿಸುತ್ತವೆ, ಮುಖಗಳನ್ನು ಗುರುತಿಸುತ್ತವೆ. ಅವುಗಳಿಂದ ಶ್ರಮ ಉಳಿಯುತ್ತದೆ. ಆದರೆ ಚಿತ್ರದಲ್ಲಿ ಕಾಣುವುದೇನು ಎಂದು ಯಂತ್ರ ಹೇಳಿದ ಮೇಲೂ, ಚಿತ್ರ ಯಾವುದರ ಕುರಿತಾಗಿದೆ ಎಂಬ ಪ್ರಶ್ನೆಗೆ ತಿಳಿದ ಮನುಷ್ಯನೊಬ್ಬ ಬೇಕಾಗುತ್ತಾನೆ.

ರಂಗನಾಥನ್ ಅವರ ಪದ್ಧತಿಗೆ ಮಿತಿಗಳಿದ್ದವು. ಕೋಲನ್ ವರ್ಗೀಕರಣದ ಚಿಹ್ನೆಗಳು ಉದ್ದವಾದವು, ಕಲಿಯಲು ಕಷ್ಟವಾದವು. ಆವೃತ್ತಿಯಿಂದ ಆವೃತ್ತಿಗೆ ಅವರು ಅದನ್ನು ಬದಲಿಸುತ್ತಲೇ ಹೋದರು. ಹಳೆಯ ಸಂಖ್ಯೆಗಳನ್ನು ಪುಸ್ತಕಗಳ ಬೆನ್ನ ಮೇಲೆ ಬರೆದಿದ್ದ ಗ್ರಂಥಾಲಯಗಳಿಗೆ ಅದು ಹೊರೆಯಾಯಿತು. ಭಾರತದ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯ ಪದ್ಧತಿಯಲ್ಲೇ ಉಳಿದವು. ಏಳನೆಯ ಆವೃತ್ತಿ ಹೊರಬಂದದ್ದು 1987ರಲ್ಲಿ, ಅವರು ಕಾಲವಾದ ಮೇಲೆ. ಆದರೆ ಪದ್ಧತಿ ಹಿಂದುಳಿದರೂ ವಿಚಾರ ಮುಂದೆ ನಡೆಯಿತು. 1952ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ವರ್ಗೀಕರಣ ಸಂಶೋಧನಾ ತಂಡವು ಬಹುಮುಖಿ ವರ್ಗೀಕರಣವೇ ಮಾಹಿತಿ ಹುಡುಕಾಟಕ್ಕೆ ಆಧಾರವಾಗಬೇಕೆಂದು 1955ರಲ್ಲಿ ಘೋಷಿಸಿತು. ಇಂದು ಮಾಹಿತಿಯನ್ನು ಜೋಡಿಸುವ ವಿದ್ಯೆಯನ್ನು ಕಲಿಸುವ ಕಡೆಗಳಲ್ಲೆಲ್ಲ ಆ ಹೆಸರು ಬರುತ್ತದೆ. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು.

ನಮ್ಮ ಮನೆಗಳಲ್ಲಿರುವ ಪೆಟ್ಟಿಗೆಗಳು

ಹೊರನಾಡಿನ ಕನ್ನಡಿಗರಾದ ನಮಗೆ ಈ ಜೀವನದಿಂದ ನೇರವಾದ ಒಂದು ಪಾಠವಿದೆ. ಹಲವು ದಶಕಗಳಿಂದ ನಮ್ಮ ಸಂಘಗಳು ರಾಜ್ಯೋತ್ಸವ, ಯುಗಾದಿ, ನಾಟಕ, ಸಾಹಿತ್ಯಗೋಷ್ಠಿಗಳನ್ನು ಚಿತ್ರೀಕರಿಸುತ್ತ ಬಂದಿವೆ. ಮೊದಲು ವಿಎಚ್‌ಎಸ್, ಆಮೇಲೆ ಮಿನಿಡಿವಿ, ಈಗ ಫೋನು. ಊರಿನಿಂದ ಬಂದ ಸಾಹಿತಿಗಳ ಭಾಷಣಗಳು, ಇಂದು ನಮ್ಮೊಂದಿಗಿಲ್ಲದ ಹಿರಿಯರ ಹಾಡುಗಳು ಆ ಟೇಪುಗಳಲ್ಲಿವೆ. ಅವು ನೆಲಮಾಳಿಗೆಗಳಲ್ಲಿ, ಗ್ಯಾರೇಜುಗಳಲ್ಲಿ, ಹಿಂದಿನ ಪದಾಧಿಕಾರಿಗಳ ಮನೆಗಳಲ್ಲಿ ಇವೆ. ಅವುಗಳನ್ನು ಡಿಜಿಟಲ್ ಮಾಡಬೇಕೆಂಬ ಉತ್ಸಾಹ ಈಗ ಅನೇಕ ಕಡೆ ಕಾಣುತ್ತಿದೆ. ಒಂದು ಗಂಟೆಯ ಮಿನಿಡಿವಿ ಟೇಪಿಗೆ ಸುಮಾರು 13 ಗಿಗಾಬೈಟ್ ಸಾಕು. ನೂರು ಟೇಪುಗಳು ಇಂದಿನ ಒಂದೇ ಚಿಕ್ಕ ಡಿಸ್ಕಿನಲ್ಲಿ ಹಿಡಿಯುತ್ತವೆ. ಶೇಖರಣೆ ಇಷ್ಟು ಅಗ್ಗವಾಗಿರುವಾಗ ಅಪಾಯ ಇರುವುದು ಇನ್ನೊಂದು ಕಡೆ. ವೇದಿಕೆಯ ಮೇಲೆ ನಿಂತವರು ಯಾರು, ಅದು ಯಾವ ವರ್ಷ, ಯಾವ ನಾಟಕ ಎಂದು ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ.

ಆದ್ದರಿಂದ ಡಿಸ್ಕನ್ನು ಕೊಳ್ಳುವುದರ ಜೊತೆಗೇ ಐದು ಅಂಕಣಗಳ ಸರಳ ಪಟ್ಟಿಯೊಂದನ್ನು ತೆರೆಯಬೇಕೆಂಬುದು ನನ್ನ ಸಲಹೆ. ಯಾರು ಅಥವಾ ಯಾವ ಕೃತಿ, ಯಾವ ಬಗೆಯ ಸಾಮಗ್ರಿ ಮತ್ತು ಯಾವ ಭಾಷೆ, ಏನು ನಡೆಯುತ್ತಿದೆ, ಎಲ್ಲಿ, ಯಾವಾಗ. ರಂಗನಾಥನ್ ಅವರ ಐದು ವರ್ಗಗಳನ್ನು ನಾನು ನಮ್ಮ ಅಗತ್ಯಕ್ಕೆ ಹೊಂದಿಸಿಕೊಂಡ ರೂಪವಿದು. ಪ್ರತಿ ಫೈಲಿಗೆ ಅರ್ಥವಿಲ್ಲದ ಒಂದು ಕ್ರಮಸಂಖ್ಯೆ ಸಾಕು, ಅರ್ಥವೆಲ್ಲ ಪಟ್ಟಿಯಲ್ಲಿರಲಿ. ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ ಬರೆಯಲಿ. ಫೈಲುಗಳ ಪ್ರತಿಗಳು ಕನಿಷ್ಠ ಎರಡು ಬೇರೆ ಮನೆಗಳಲ್ಲಿರಲಿ, ಪಟ್ಟಿಯ ಪ್ರತಿಯೊಂದು ಕಾಗದದ ಮೇಲೂ ಇರಲಿ. ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಟೇಪನ್ನು ನೋಡುತ್ತ ಅವರು ಹೇಳಿದ್ದನ್ನು ಬರೆದುಕೊಳ್ಳಲು ಒಂದು ಟೇಪಿಗೆ ಒಂದು ಸಂಜೆ ಹಿಡಿಯಬಹುದು. ಬನಾರಸ್ಸಿನಲ್ಲಿ ಒಂದು ಲಕ್ಷ ಪುಸ್ತಕಗಳ ಮುಂದೆ ಒಬ್ಬರೇ ಕುಳಿತವರ ನೆನಪಿದ್ದರೆ ನೂರು ಸಂಜೆಗಳು ಹೆಚ್ಚೆನಿಸುವುದಿಲ್ಲ.